ಏಳು ನಲವತ್ತಮೂರರ ಚಂದ್ರ

"ಈ ವರ್ಷದ ಮೊದಲ ಬಹುಮಾನ ಯಾರಿಗೆ ಅಂತ ಈಗಲೇ ಬರೆದಿಟ್ಟುಕೊಳ್ಳಿ ದೇವೇಂದ್ರಪ್ಪನವರೇ! ಹೆಸರು ಜಯಾನಂದ. ವಾಸ ಜನಕಪುರಿ. ಪ್ರಮಾಣಪತ್ರದಲ್ಲಿ ಅಕ್ಷರ ತಪ್ಪಾಗದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು!"

ಹೀಗೆ ಘೋಷಿಸಿ ಜಯಾನಂದ ಫೋನನ್ನು ಗಲ್ಲಾದ ಮೇಲಿಟ್ಟು, ಮೀಸೆಯ ಎರಡೂ ತುದಿ ನೀವಿಕೊಂಡ. ಆಚೆ ಕಡೆ ಮಾತಾಡುತ್ತಿದ್ದ ದೇವೇಂದ್ರಪ್ಪನವರು ದೆಹಲಿಯ ಕನ್ನಡ ಬಳಗವೊಂದರ ಕಾರ್ಯದರ್ಶಿ. ರಾಜ್ಯೋತ್ಸವಕ್ಕೆ ಬಳಗದವರು ಏರ್ಪಡಿಸುವ ಛಾಯಾಚಿತ್ರ ಪ್ರದರ್ಶನಕ್ಕೆ ಈ ಸಲದ ವಿಷಯ 'ದಿಗಂತ'. ಚಿತ್ರ ಕಳಿಸಲು ಕೊನೆಯ ದಿನ ನಾಳೆ. ಜಯಾನಂದನ ಬಳಿ ಕ್ಯಾಮೆರಾ ಇತ್ತು, ಅದನ್ನು ನಿಲ್ಲಿಸುವ ಮುಕ್ಕಾಲಿ ಇತ್ತು, ಮೊಳದುದ್ದದ ಲೆನ್ಸ್ ಇತ್ತು, ಉತ್ಸಾಹವಂತೂ ಹಂಡೆಗಟ್ಟಲೆ ಇತ್ತು. ಚಿತ್ರವೊಂದೇ ಇರಲಿಲ್ಲ.

"ಫೋಟೋ ತೆಗೆದಾಯ್ತಾ?" ಪಾರ್ಸೆಲ್ ಕಟ್ಟುತ್ತಿದ್ದ ಹೆಂಡತಿ ಜಲಜಾಕ್ಷಿ ತಲೆಯೆತ್ತದೆ ಕೇಳಿದಳು.

"ಇಲ್ಲ. ಇವತ್ತು ಸಂಜೆ ತೆಗೀತೇನೆ."

"ಓಹೋ. ಬಹುಮಾನ ಮೊದಲು, ಫೋಟೋ ಆಮೇಲೆ!"

"ನಿನಗೆ ಕಲೆ ಅಂದರೆ ಏನು ಅಂತ ಅರ್ಥ ಆಗುವುದಿಲ್ಲ ಮಾರಾಯ್ತಿ."

"ಅರ್ಥ ಆಗುವುದೇ ಬೇಡ. ನಮ್ಮ ಒಪ್ಪಂದ ನೆನಪುಂಟಲ್ಲ? ಈ ಸಲವೂ ನಿಮ್ಮ ಫೋಟೋ ಅಲ್ಲಿನ ಗೋಡೆ ಹತ್ತದಿದ್ದರೆ ಕ್ಯಾಮೆರಾ ಮಗಳಿಗೆ, ಮುಕ್ಕಾಲಿ ನನಗೆ. ಬಟ್ಟೆ ಒಣಹಾಕಲಿಕ್ಕೆ ಬೇಕು."

ಜಯಾನಂದ ಕ್ಯಾಮೆರಾ ಬ್ಯಾಗಿನ ಧೂಳು ಒರೆಸತೊಡಗಿದ. ಕಲಾವಿದರಿಗೆ ಮನೆಯಲ್ಲಿ ಮರ್ಯಾದೆ ಸಿಗುವುದಿಲ್ಲ ಎಂಬುದು ಅವನಿಗೆ ಎರಡು ವರ್ಷದಿಂದ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷ ಎಂದೆನಲ್ಲ, ಅದರ ಕಥೆ ಇಷ್ಟು. ಜಯಾನಂದ ಕುಂದಾಪುರದ ಕಡೆಯವನು. ಮನೆಯಿಂದ ನೂರು ಹೆಜ್ಜೆ ಇಟ್ಟರೆ ಕಡಲು. ಆಗ ಅವನು ಕಡಲಿನತ್ತ ತಿರುಗಿಯೂ ನೋಡಿದವನಲ್ಲ. ಅದು ಹೇಗೂ ಅಲ್ಲಿಯೇ ಇರುತ್ತದಲ್ಲ! ಇಪ್ಪತ್ತನೆಯ ವಯಸ್ಸಿನಲ್ಲಿ ಚಿಕ್ಕಪ್ಪನ ಹೋಟೆಲಿಗೆಂದು ದೆಹಲಿ ರೈಲು ಹತ್ತಿದ. ಆಮೇಲೆ ಜನಕಪುರಿಯ ಮಾರ್ಕೆಟಿನಲ್ಲಿ ಸ್ವಂತ ಹೋಟೆಲಿಟ್ಟ. ಇಡ್ಲಿ, ದೋಸೆ, ವಡೆಗಳ ನಡುವೆ ಮೂವತ್ತು ವರ್ಷ ಹೋದದ್ದೇ ತಿಳಿಯಲಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಅವನಿಗೆ ಒಂದು ವಿಷಯ ಹೊಳೆಯಿತು. ದೆಹಲಿಯಲ್ಲಿ ಎತ್ತ ಕಣ್ಣು ಹಾಯಿಸಿದರೂ ಎದುರುಮನೆಯೇ ಕಾಣುತ್ತದೆ! ಆಕಾಶ ಬಂದು ಭೂಮಿಗೆ ತಾಗುವ ಆ ಗೆರೆಯನ್ನು ತಾನು ನೋಡದೆ ಎಷ್ಟೋ ಕಾಲವಾಯಿತು ಎಂದು ನೆನಪಾಗಿ ಅವನಿಗೆ ನಿಜವಾಗಿಯೂ ದುಃಖವಾಯಿತು. ಗಲ್ಲಾದಲ್ಲಿ ಕೂತವನ ಕಣ್ಣಲ್ಲಿ ನೀರು ನೋಡಿ, ಕಾಲೇಜಿನಲ್ಲಿ ಓದುವ ಮಗಳು ಜ್ಯೋತ್ಸ್ನಾ ಗಾಬರಿಯಾದಳು.

"ಪಪ್ಪಾ, ಆಪ್ ಕೋಯಿ ಹಾಬಿ ಶುರು ಕರೋ ನಾ! ಇಡೀ ದಿನ ಬರೀ ಸಾಂಬಾರ್ ಸಾಂಬಾರ್ ಅಂತೀರಿ!"

ಏನಾದರೊಂದು ಹವ್ಯಾಸ ಹಿಡಿಯಿರಿ ಎಂಬ ಮಗಳ ಮಾತನ್ನು ಅಪ್ಪ ಶಿರಸಾವಹಿಸಿದ. ಮರುವಾರವೇ ಕ್ಯಾಮೆರಾ ಬಂತು. ದಿಗಂತವನ್ನು ಹುಡುಕಿ ಸೆರೆಹಿಡಿದೇ ತೀರುತ್ತೇನೆಂದು ಜಯಾನಂದ ಪ್ರತಿಜ್ಞೆ ಮಾಡಿದ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನೇ ಆಗಿಬಿಟ್ಟ. ಪಾಪದ ಗಿರಾಕಿಯೊಬ್ಬ ಮೈಸೂರು ಮಸಾಲೆ ದೋಸೆ ಕೇಳಿದರೆ, ದೋಸೆ ಬರುವವರೆಗೆ ಅಪರ್ಚರ್, ಶಟರ್ ಸ್ಪೀಡುಗಳ ಪಾಠವೂ ಆಗುತ್ತಿತ್ತು. ಕೆಲವರು ಪಾಠಕ್ಕೆ ಹೆದರಿ ಪಾರ್ಸೆಲ್ ಒಯ್ಯತೊಡಗಿದರು.

ಆದರೆ ಒಂದು ತೊಡಕಿತ್ತು. ನಿಸರ್ಗದ ಚಿತ್ರ ತೆಗೆಯುವವರಿಗೆ ದಿನದಲ್ಲಿ ಎರಡೇ ಒಳ್ಳೆಯ ಹೊತ್ತು: ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ. ಹೋಟೆಲಿನವರಿಗೆ ಬೆಳಗಿನ ಹೊತ್ತು ಇಡ್ಲಿಯದು, ಸಂಜೆಯ ಹೊತ್ತು ದೋಸೆಯದು! ಜಯಾನಂದನಿಗೆ ಬಿಡುವು ಸಿಗುತ್ತಿದ್ದದ್ದು ಊಟದ ಗದ್ದಲ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ. ಆದ್ದರಿಂದ ಅವನ ಸಮಗ್ರ ಕಲಾಕೃತಿಗಳೆಲ್ಲ ಮೂರು ಗಂಟೆಯವು. ಮೂರು ಗಂಟೆಯ ಲೋಧಿ ಉದ್ಯಾನ. ಮೂರು ಗಂಟೆಯ ಅರಾವಳಿ. ಮೂರು ಗಂಟೆಯ ಯಮುನೆ. ಎಲ್ಲದಕ್ಕೂ ಒಂದೇ ಬಣ್ಣ, ತೊಳೆಯದ ಅಲ್ಯೂಮಿನಿಯಂ ಪಾತ್ರೆಯದು.

ಕಳೆದ ವರ್ಷ ಪ್ರದರ್ಶನಕ್ಕೆ ಕಳಿಸಿದ್ದಾಗ ದೇವೇಂದ್ರಪ್ಪನವರು ಬಹಳ ಮರ್ಯಾದೆಯಿಂದ ಫೋನ್ ಮಾಡಿದ್ದರು. "ಜಯಾನಂದ, ನಿಮ್ಮ ಫೈಲ್ ಯಾಕೋ ತೆರೆಯುತ್ತಿಲ್ಲ. ಬರೀ ಬೂದಿ ಬಣ್ಣ ಬರ್ತಾ ಇದೆ. ಇನ್ನೊಮ್ಮೆ ಕಳಿಸ್ತೀರಾ?"

ಫೈಲು ತೆರೆದಿತ್ತು. ಅದು ಯಮುನೆ!

ಆ ಅವಮಾನ ನುಂಗಿಕೊಂಡ ಜಯಾನಂದ ಈ ಸಲ ಚಂದ್ರೋದಯಕ್ಕೆ ಕೈಹಾಕಿದ್ದ. ನಾಲ್ಕು ದಿನದ ಕೆಳಗೆ ಹುಣ್ಣಿಮೆಗೆ ಹೆಂಡತಿಯಿಂದ ರಜೆ ಪಡೆದು, ಅರಾವಳಿ ಗುಡ್ಡದವರೆಗೆ ಕಾರು ಓಡಿಸಿ, ಮುಕ್ಕಾಲಿ ನಿಲ್ಲಿಸಿ, ಕ್ಯಾಮೆರಾ ಹೊರತೆಗೆದು ನೋಡುತ್ತಾನೆ, ಕ್ಯಾಮೆರಾವನ್ನು ಮುಕ್ಕಾಲಿಗೆ ಬಿಗಿಯುವ ಸಣ್ಣ ಪಟ್ಟಿ ಮನೆಯಲ್ಲೇ ಉಳಿದಿದೆ! ಕೈಯಲ್ಲೇ ಹಿಡಿದು ತೆಗೆದ ಚಿತ್ರದಲ್ಲಿ ಚಂದ್ರ ಉದ್ದಿನ ಹಪ್ಪಳದಷ್ಟು ಅಗಲವಾಗಿ ನಡುಗಿದ್ದ.

ಉಳಿದದ್ದು ಈ ಸಂಜೆಯೊಂದೇ. ಮತ್ತು ಈ ಸಂಜೆ ಕರ್ವಾ ಚೌತ್!

ಉತ್ತರದವರ ಈ ಹಬ್ಬದ ದಿನ ಹೆಂಗಸರು ಗಂಡನ ಆಯುಸ್ಸಿಗಾಗಿ ಬೆಳಗಿನಿಂದ ಹನಿ ನೀರೂ ಕುಡಿಯದೆ ಇರುತ್ತಾರೆ. ಚಂದ್ರ ಕಂಡ ಮೇಲೆ ಜರಡಿಯೊಳಗಿಂದ ಮೊದಲು ಅವನನ್ನು, ಆಮೇಲೆ ಗಂಡನ ಮುಖವನ್ನು ನೋಡಿ, ಗಂಡ ಕುಡಿಸಿದ ನೀರಿನಿಂದ ಉಪವಾಸ ಬಿಡುತ್ತಾರೆ. ಹೆಂಡತಿ ಹಸಿದಿರುವಾಗ ಹೋಟೆಲಿಗೆ ಹೋಗಿ ದೋಸೆ ತಿನ್ನುವ ಧೈರ್ಯ ಜನಕಪುರಿಯ ಯಾವ ಗಂಡನಿಗೂ ಇಲ್ಲ. ಹಾಗಾಗಿ ಹೋಟೆಲು ಚಂದ್ರ ಹುಟ್ಟುವವರೆಗೂ ಖಾಲಿ. ಹುಟ್ಟಿದ ಹತ್ತೇ ನಿಮಿಷಕ್ಕೆ ಇಡೀ ಬ್ಲಾಕು ಒಮ್ಮೆಗೇ ಊಟಕ್ಕೆ ಹೊರಡುತ್ತದೆ. ವರ್ಷದಲ್ಲಿ ಜಯಾನಂದನಿಗೆ ಸಂಜೆ ಬಿಡುವು ಸಿಗುವುದು ಈ ಒಂದು ದಿನ ಮಾತ್ರ.

"ಶಂಕರ, ಚಂದ್ರ ಬರುವುದು ಎಂಟೂ ಕಾಲಿಗೆ. ಹಿಟ್ಟು, ಪಲ್ಯ ಎಲ್ಲ ಎಂಟಕ್ಕೆ ರೆಡಿ ಇರಲಿ. ನಾನು ಮನೆಯ ಟೆರೇಸಿನಲ್ಲಿರ್ತೇನೆ" ಎಂದು ಅಡುಗೆಯ ಶಂಕರನಿಗೆ ಹೇಳಿ, ಕ್ಯಾಮೆರಾ ಬ್ಯಾಗು ಹೆಗಲಿಗೇರಿಸಿ, ಮುಕ್ಕಾಲಿಯನ್ನು ಗದೆಯಂತೆ ಹಿಡಿದು ಜಯಾನಂದ ಹೊರಟ. ಸಣ್ಣ ಪಟ್ಟಿ ಇದೆಯೇ ಎಂದು ದಾರಿಯಲ್ಲಿ ಎಂಟು ಸಲ ಮುಟ್ಟಿ ನೋಡಿಕೊಂಡ.

ಟೆರೇಸಿಗೆ ಕಾಲಿಟ್ಟರೆ ಅಲ್ಲಿ ಜಾತ್ರೆಯೇ ನೆರೆದಿತ್ತು. ಕೆಂಪು ಸೀರೆ, ಕೆಂಪು ಲೆಹೆಂಗಾ, ಕೈತುಂಬ ಮೆಹಂದಿ. ಸಾಲಿನ ನಾಲ್ಕು ಮನೆಗಳ ಟೆರೇಸು ಒಂದಕ್ಕೊಂದು ತಾಗಿದ್ದರಿಂದ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ನಲವತ್ತಕ್ಕೆ ಕಡಿಮೆಯಿರಲಿಲ್ಲ. ಮಧ್ಯದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬ್ಲಾಕಿನ ಹಿರಿಯಾಕೆ ಖುರಾನಾ ಆಂಟಿ ವಿರಾಜಮಾನರಾಗಿದ್ದರು. ಅವರ ಪಕ್ಕದಲ್ಲಿ, ಮದುವೆಯ ಕೆಂಪು ಧಾರೆ ಸೀರೆಯುಟ್ಟು, ಕೈಯಲ್ಲಿ ಜರಡಿ ಹಿಡಿದು ಕೂತಿದ್ದವಳು ಜಲಜಾಕ್ಷಿ!

"ನೀನೂ ಉಪವಾಸವಾ? ಊರಿನಲ್ಲಿ ನಮಗೆ ಈ ಹಬ್ಬವೇ ಇಲ್ಲವಲ್ಲ!"

"ಹನ್ನೆರಡು ವರ್ಷದಿಂದ ಆಂಟಿ ಕರೀತಾನೇ ಇದ್ದಾರೆ" ಎಂದು ಜಲಜಾಕ್ಷಿ ಸೆರಗು ಸರಿಮಾಡಿಕೊಂಡಳು. "ಕಳೆದ ತಿಂಗಳು ಡಾಕ್ಟರು ನಿಮಗೆ ಬಿ.ಪಿ. ಜಾಸ್ತಿ ಅಂದರಲ್ಲ, ಆವತ್ತಿನಿಂದ ನನಗೆ ಹೆದರಿಕೆ. ಒಂದು ದಿನ ಹಸಿದುಕೊಂಡರೆ ನನ್ನದೇನು ಗಂಟು ಹೋಗುತ್ತದೆ ಅಂತ ಅನ್ನಿಸಿತು."

ಬೆಳಗಿನಿಂದ ಹೆಂಡತಿ ಒಂದು ಲೋಟ ಕಾಫಿ ಕುಡಿದದ್ದನ್ನೂ ತಾನು ಕಂಡಿಲ್ಲ, ಯಾಕೆಂದು ಕೇಳಿಯೂ ಇಲ್ಲ ಎಂದು ಜಯಾನಂದನ ಮನಸ್ಸಿಗೆ ಚುಚ್ಚಿತು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಗಾಳಿಗೆ ಮುಕ್ಕಾಲಿ ವಾಲಿತು. ಅವನು ಅದನ್ನು ಹಿಡಿಯಲು ಓಡಿದ.

ಪೂರ್ವದ ಕಡೆ ಆಕಾಶವೇ ಇರಲಿಲ್ಲ. ಹೊಗೆಯೂ ಮಂಜೂ ಕಲಸಿಕೊಂಡು ಮನೆಗಳ ನೀರಿನ ಟ್ಯಾಂಕುಗಳ ಮೇಲೆ ಕೂತಿದ್ದವು. ಜಯಾನಂದ ಲೆನ್ಸನ್ನು ಆ ಕಡೆಗೆ ತಿರುಗಿಸಿದ್ದೇ ತಡ, ಹೆಂಗಸರೆಲ್ಲ ಅವನ ಸುತ್ತ ನೆರೆದರು.

"ಭಾಯ್ ಸಾಬ್, ಚಾಂದ್ ದಿಖಾ?"

"ಇದರಲ್ಲಿ ಚಂದ್ರ ನಮಗಿಂತ ಮೊದಲೇ ಕಾಣುತ್ತಾನಾ?"

"ಇದರಲ್ಲಾ!" ಜಯಾನಂದನ ಎದೆ ಉಬ್ಬಿತು. "ಇದರಲ್ಲಿ ಚಂದ್ರನ ಮೇಲಿನ ಕುಳಿಗಳನ್ನೂ ಎಣಿಸಬಹುದು!"

ಬೆಳಗಿನಿಂದ ನೀರು ಕಾಣದ ನಲವತ್ತು ಗಂಟಲುಗಳು ಒಟ್ಟಿಗೆ ನಿಟ್ಟುಸಿರು ಬಿಟ್ಟವು. ಮೂವತ್ತು ವರ್ಷ ದೆಹಲಿಯಲ್ಲಿ ಅವನನ್ನು ಜನ ಕೇಳುತ್ತಿದ್ದದ್ದು ಚಟ್ನಿ ಇನ್ನೊಂದು ಸಲ ಸಿಗುತ್ತದಾ ಅಂತ ಮಾತ್ರ. ಇಂದು ಚಂದ್ರನನ್ನು ಕೇಳುತ್ತಿದ್ದಾರೆ! ಜಯಾನಂದ ಕನ್ನಡಕವನ್ನು ಹಣೆಯ ಮೇಲೇರಿಸಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ.

ಗಂಟೆ ಏಳು ನಲವತ್ತಮೂರು. ಹೊಗೆಯ ನಡುವೆ, ದೂರದ ಮನೆಗಳ ಸಾಲಿನ ಹಿಂದೆ, ಕೇಸರಿ ಬಣ್ಣದ ದುಂಡನೆಯ ಬೆಳಕೊಂದು ಮೆಲ್ಲಗೆ ಮೇಲೆದ್ದಿತು!

"ಚಾಂದ್! ಚಾಂದ್ ನಿಕಲ್ ಆಯಾ!" ಜಯಾನಂದ ಕೂಗಿದ ರಭಸಕ್ಕೆ ಪಕ್ಕದ ಟ್ಯಾಂಕಿನ ಮೇಲಿನ ಪಾರಿವಾಳಗಳು ಹಾರಿಹೋದವು.

ಖುರಾನಾ ಆಂಟಿ ಹುಬ್ಬು ಗಂಟಿಕ್ಕಿದರು. "ಟಿವಿಯಲ್ಲಿ ಎಂಟು ಹದಿನಾಲ್ಕು ಅಂದಿದ್ದಾರಲ್ಲ?"

"ಆಂಟೀಜಿ, ಟಿವಿಯವರು ಸ್ಟುಡಿಯೋದಲ್ಲಿ ಕೂತಿದ್ದಾರೆ. ನಾನು ಲೆನ್ಸ್ ಹಿಡಿದು ಟೆರೇಸಿನಲ್ಲಿ ನಿಂತಿದ್ದೇನೆ!"

ಜಲಜಾಕ್ಷಿ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದಳು. "ರೀ, ಸರಿಯಾಗಿ ನೋಡಿದಿರಾ? ಇನ್ನೂ ಅರ್ಧ ಗಂಟೆ ಉಂಟು. ಅದು ಸ್ವಲ್ಪ ಜೋರಾಗಿಯೇ ಏರ್ತಾ ಉಂಟಲ್ಲ?"

"ಮುನ್ನೂರು ಎಂ.ಎಂ. ಲೆನ್ಸಿಗಿಂತ ನಿನ್ನ ಕಣ್ಣು ಚುರುಕಾ? ಹೋಗು, ಜರಡಿ ಹಿಡಿ!"

ಅನುಮಾನಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಬರಿಗಣ್ಣಿಗೂ ಮಸುಕಾದ ಕೇಸರಿ ಚುಕ್ಕೆಯೊಂದು ಕಾಣುತ್ತಿತ್ತು, ಹಸಿದವರಿಗೆ ಅಷ್ಟು ಸಾಕಲ್ಲ! ನಲವತ್ತು ಜರಡಿಗಳು ಒಟ್ಟಿಗೆ ಮೇಲೆದ್ದವು. ಗಂಡಂದಿರನ್ನು ಕೆಳಗಿನಿಂದ ಹೆಸರು ಹಿಡಿದು ಕರೆಸಲಾಯಿತು. ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹೋಯಿತು: ಚಂದ್ರ ಬಂದಾಯಿತು, ದೋಸೆ ಹೋಟೆಲಿನ ಭಾಯ್ ಸಾಬ್ ದೊಡ್ಡ ಕ್ಯಾಮೆರಾದಲ್ಲಿ ನೋಡಿ ಖಾತ್ರಿ ಮಾಡಿದ್ದಾರೆ! ಒಂದು ನಿಮಿಷದಲ್ಲಿ ಹಿಂದಿನ ಬೀದಿಯಲ್ಲೂ ಪಟಾಕಿ ಹಾರಿತು. ಜಯಾನಂದ ಒಂದು ಕೈಯಲ್ಲಿ ಕ್ಯಾಮೆರಾದ ಗುಂಡಿ ಒತ್ತುತ್ತ, ಇನ್ನೊಂದು ಕೈಯಲ್ಲಿ ಹೆಂಗಸರ ನಮಸ್ಕಾರ ಸ್ವೀಕರಿಸುತ್ತ, ಕ್ಯಾಮೆರಾದ ಒಳಗೆ ನೋಡುವುದನ್ನೇ ಬಿಟ್ಟುಬಿಟ್ಟಿದ್ದ.

ಅಷ್ಟರಲ್ಲಿ ಶಂಕರನ ಫೋನು. "ಜಯಣ್ಣ, ಇದೆಂಥದ್ದು ಮಾರಾಯ್ರೆ! ಎಂಟೂ ಕಾಲು ಅಂದಿರಿ, ಜನ ಈಗಲೇ ನುಗ್ತಾ ಇದ್ದಾರೆ! ಕಾವಲಿ ಇನ್ನೂ ಕಾದಿಲ್ಲ!"

"ಬಂದೆ, ಬಂದೆ! ಜಲಜಾ, ನೀನೂ ಬೇಗ ಚಂದ್ರನನ್ನು ನೋಡಿ ಮುಗಿಸು, ನೀರು ಕುಡಿ!"

"ನೀವು ಹೋಗಿ. ನಾನು ನೋಡಿಕೊಳ್ತೇನೆ" ಎಂದಳು ಜಲಜಾಕ್ಷಿ.

ಹೋಟೆಲು ಅಷ್ಟು ತುಂಬಿದ್ದನ್ನು ಜಯಾನಂದ ಕಂಡೇ ಇರಲಿಲ್ಲ. ಒಂದು ಮೇಜಿಗೆ ಆರು ಜನ, ಬಾಗಿಲಾಚೆ ಇನ್ನೂ ಇಪ್ಪತ್ತು ಜನ. ಖುರಾನಾ ಆಂಟಿಗೆ ಕಿಟಕಿಯ ಪಕ್ಕದ ಮೇಜು. ಜ್ಯೋತ್ಸ್ನಾ ಗಲ್ಲಾ ನೋಡಿಕೊಂಡಳು; ಟೆರೇಸಿನಿಂದ ಹೊತ್ತುತಂದ ಕ್ಯಾಮೆರಾವೂ ಅವಳ ಪಕ್ಕದಲ್ಲೇ ಇತ್ತು. ಜಯಾನಂದ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಓಡಾಡುತ್ತ, ಸಿಕ್ಕಿದವರಿಂದೆಲ್ಲ ಶಹಬ್ಬಾಸ್ ಪಡೆಯುತ್ತ, ಮನಸ್ಸಿನಲ್ಲೇ ಪ್ರದರ್ಶನದ ಗೋಡೆಗೆ ಮೊಳೆ ಹೊಡೆಯುತ್ತಿದ್ದ.

ಗಂಟೆ ಎಂಟು ಮೂವತ್ತೈದು.

"ದಾದೀ, ವೋ ಕ್ಯಾ ಹೈ?" ಎಂದಳು ಖುರಾನಾ ಆಂಟಿಯ ಪುಟ್ಟ ಮೊಮ್ಮಗಳು, ಕಿಟಕಿಯತ್ತ ಬೆರಳು ಮಾಡಿ.

ಎದುರಿನ ಮಿಠಾಯಿ ಅಂಗಡಿಯ ಮಾಡಿನ ಮೇಲೆ, ತಾಮ್ರದ ಬಣ್ಣದಲ್ಲಿ, ಒಂದು ಅಂಚು ಸ್ವಲ್ಪ ಸವೆದು, ಸಾವಕಾಶವಾಗಿ, ಯಾರ ಅಪ್ಪಣೆಗೂ ಕಾಯದೆ ಚಂದ್ರ ಬಂದಿದ್ದ.

ಖುರಾನಾ ಆಂಟಿಯ ಕೈಯಲ್ಲಿದ್ದ ದೋಸೆಯ ತುಂಡು ಬಾಯಿಯ ಹತ್ತಿರವೇ ನಿಂತಿತು.

"ಇವನು ಚಂದ್ರನಾದರೆ" ಎಂದರು ಆಂಟಿ ಒಂದೊಂದೇ ಮಾತು ಬಿಡಿಸಿ, "ನಾವು ಆಗ ನೋಡಿದ್ದು ಯಾರನ್ನು?"

ಮೂಲೆಯಿಂದ ನೀಲಿ ಜಾಕೆಟ್ಟಿನ ಗಂಡನೊಬ್ಬ ಎದ್ದು ನಿಂತ. "ನನಗೆ ಅರ್ಥವಾಯಿತು! ಪ್ರತಿ ವರ್ಷ ಎಂಟೂವರೆಗೆ ತುಂಬುವ ಹೋಟೆಲು ಈ ವರ್ಷ ಎಂಟಕ್ಕೇ ತುಂಬಿದೆ. ಬೇರೆ ಹೋಟೆಲಿನವರು ಬಾಗಿಲು ತೆರೆಯುವ ಮೊದಲೇ ಜನರನ್ನೆಲ್ಲ ಒಳಗೆ ಹಾಕಿಕೊಂಡಿದ್ದಾನೆ. ವ್ಯಾಪಾರಕ್ಕಾಗಿ ಚಂದ್ರನನ್ನೇ ಹುಟ್ಟಿಸಿದ್ದಾನೆ!"

ನಲವತ್ತು ಹೆಂಗಸರು ನಲವತ್ತು ಗಂಡಂದಿರನ್ನು ನೋಡಿದರು. ಗಂಡಂದಿರ ಮುಖ ಬಿಳುಚಿತು. ಕುತ್ತಿಗೆಗೆ ಬಂದದ್ದು ತಮ್ಮ ಆಯುಸ್ಸಲ್ಲವೇ! ಒಬ್ಬನಂತೂ ಆಗಲೇ ತನ್ನ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದ.

ಜಯಾನಂದ ತಟ್ಟೆಗಳನ್ನು ಪಕ್ಕದ ಮೇಜಿನ ಮೇಲಿಟ್ಟ. ಇಪ್ಪತ್ತೆರಡು ವರ್ಷದಿಂದ ಇದೇ ಹೋಟೆಲು. ಒಂದು ದಿನ ನಿನ್ನೆಯ ಚಟ್ನಿ ಬಡಿಸಿದವನಲ್ಲ. ಬೆಳಗಾಗುವುದರೊಳಗೆ ಇಡೀ ಜನಕಪುರಿಯ ಮೊಬೈಲುಗಳಲ್ಲಿ ಅವನು ದೇವರ ಹೆಸರಲ್ಲಿ ದೋಸೆ ಮಾರಿದ ಮೋಸಗಾರ! ಆ ಯೋಚನೆಗೇ ಅವನಿಗೆ ಅಳು ಬಂತು. ಅಷ್ಟರಲ್ಲಿ ನೆನಪಾಯಿತು.

"ನಿಲ್ಲಿ! ನನ್ನ ಬಳಿ ಪುರಾವೆ ಉಂಟು! ಜ್ಯೋತ್ಸ್ನಾ, ನನ್ನ ಕ್ಯಾಮೆರಾದ ಕಾರ್ಡು ತೆಗೆದು ಆ ಟಿವಿಗೆ ಹಾಕು!"

"ಪಪ್ಪಾ, ಪಕ್ಕಾ? ನೀವು ಒಂದ್ಸಲ ಚೆಕ್ ಮಾಡಿ, ಪ್ಲೀಸ್."

"ಚೆಕ್ ಗಿಕ್ ಏನೂ ಬೇಡ. ಹಾಕು!"

ಮೆನು ತೋರಿಸುತ್ತಿದ್ದ ದೊಡ್ಡ ಟಿವಿಯಲ್ಲಿ ಮೊದಲ ಚಿತ್ರ ಮೂಡಿತು. ಮಂಜು ಮುಸುಕಿದ ಮಹಡಿಗಳು, ಅವುಗಳ ಮೇಲೆ ಮಸುಕು ಮಸುಕಾದ ಕೇಸರಿ ಬಿಂಬ. ಯಾರೋ "ವಾಹ್" ಎಂದರು. ಜಯಾನಂದನಿಗೆ ಹೋದ ಜೀವ ಬಂತು. ಕೂಡಲೇ ಅಪರಾಧಿಯ ಸ್ಥಾನ ಬಿಟ್ಟು ಮೇಷ್ಟರ ಸ್ಥಾನಕ್ಕೆ ಏರಿದ.

"ನೋಡಿ, ಇದು ದಿಗಂತ! ಈ ಮೃದುತ್ವ ಬರಬೇಕಾದರೆ ಅಪರ್ಚರ್ ಎಷ್ಟಿಡಬೇಕು ಗೊತ್ತುಂಟಾ? ಮುಂದಿನದು ಹಾಕು ಮಗಾ. ಹಾಂ, ಇಲ್ಲಿ ನೋಡಿ, ಕಪ್ಪು ಕಪ್ಪು ಚುಕ್ಕೆಗಳು. ಅವೇ ಕುಳಿಗಳು!"

ಆರನೆಯ ಚಿತ್ರದಲ್ಲಿ ಚಂದ್ರ ಎಡಕ್ಕೆ ಸರಿದಿದ್ದ.

"ಎಡಕ್ಕೆ ಯಾಕೆ ಹೋದ?" ಎಂದ ನೀಲಿ ಜಾಕೆಟ್ಟಿನವನು.

"ಭೂಮಿ ತಿರುಗುತ್ತದಲ್ಲ, ಹಾಗಾಗಿ" ಎಂದ ಜಯಾನಂದ. ಅವನ ದನಿ ಕೊಂಚ ಇಳಿದಿತ್ತು.

ಒಂಬತ್ತನೆಯ ಚಿತ್ರಕ್ಕೆ ಖುರಾನಾ ಆಂಟಿ ಎದ್ದುಬಂದು ಟಿವಿಗೆ ಮೂಗು ತಾಗಿಸಿ ನಿಂತರು. "ಜಯಾನಂದ್‌ಜೀ, ನಿಮ್ಮ ಕುಳಿಗಳಿಗೆ ರೆಕ್ಕೆಗಳಿವೆ."

ಕ್ಯಾಮೆರಾ ಇಷ್ಟು ಹೊತ್ತು ತಡಕಾಡಿ, ಕೊನೆಗೂ ತಾನಾಗಿಯೇ ಫೋಕಸ್ ಹಿಡಿದಿತ್ತು. ಹನ್ನೊಂದನೆಯ ಚಿತ್ರ ಟಿವಿಯ ಮೇಲೆ ಬಂತು. ಜೀವಮಾನದಲ್ಲಿ ಮೊದಲ ಸಲ ಜಯಾನಂದ ತೆಗೆದ ಚಿತ್ರವೊಂದು ಎಳ್ಳಷ್ಟೂ ಮಸುಕಿಲ್ಲದೆ ಮೂಡಿತ್ತು! ಅರ್ಧ ಕಟ್ಟಿದ ಒಂಬತ್ತು ಮಹಡಿಯ ಕಟ್ಟಡ. ಅದರ ನೆತ್ತಿಯ ಮೇಲೆ ಚಾಚಿಕೊಂಡ ಕ್ರೇನು. ಕ್ರೇನಿನ ಕೊಕ್ಕೆಗೆ ನೇತುಬಿದ್ದ, ಸತ್ತ ಹಾತೆಗಳಿಂದ ತುಂಬಿದ ಗಾಜಿನ ದೊಡ್ಡ ದೀಪ. ಹಳದಿ ಹೆಲ್ಮೆಟ್ಟಿನ ಮನುಷ್ಯನೊಬ್ಬ ಒಂದು ಕೈಯಿಂದ ಚಂದ್ರನನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬೀಡಿ ಸೇದುತ್ತಿದ್ದ.

"ಪಪ್ಪಾ" ಎಂದಳು ಜ್ಯೋತ್ಸ್ನಾ ಮೆಲ್ಲಗೆ, "ಯೇ ತೋ ಕ್ರೇನ್ ಹೈ."

ಯಾರೂ ನಗಲಿಲ್ಲ. ಅದೇ ಭಯಂಕರವಾಗಿತ್ತು. ಖುರಾನಾ ಆಂಟಿ ಸೊಂಟದ ಮೇಲೆ ಕೈಯಿಟ್ಟು ಜಯಾನಂದನ ಮುಂದೆ ನಿಂತರು.

"ಎರಡರಲ್ಲಿ ಒಂದು ಹೇಳಿ. ನೀವು ಮೋಸ ಮಾಡಿದಿರಾ? ಅಥವಾ ನಿಮಗೆ ಫೋಟೋ ತೆಗೆಯಲು ಬರುವುದಿಲ್ಲವಾ?"

ಎಂಥ ಪ್ರಶ್ನೆ! ಹೋಟೆಲು ಉಳಿಸಿಕೊಂಡರೆ ಕಲೆ ಹೋಗುತ್ತದೆ; ಕಲೆ ಉಳಿಸಿಕೊಂಡರೆ ಹೋಟೆಲು. ಜಯಾನಂದ ಟಿವಿಯತ್ತ ನೋಡಿದ. ಆಸೆ ಬಿಡದೆ ಒಂದು ಕೊನೆಯ ಪ್ರಯತ್ನ ಮಾಡಿದ.

"ಆಂಟೀಜಿ, ಮೊದಲನೆಯ ಚಿತ್ರ ಒಂದನ್ನೇ ನೋಡಿದರೆ..."

"ಎರಡರಲ್ಲಿ ಒಂದು!"

ಬಾಗಿಲಲ್ಲಿ ನಿಂತವರನ್ನು ಸರಿಸಿಕೊಂಡು ಜಲಜಾಕ್ಷಿ ಒಳಬಂದದ್ದು ಆಗಲೇ. ಕೆಂಪು ಸೀರೆ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಜರಡಿ. ಅವಳು ಟಿವಿ ನೋಡಿದಳು, ಗಂಡನನ್ನು ನೋಡಿದಳು. ಅವಳ ಮುಖ ಕಂಡ ಮೇಲೆ ಜಯಾನಂದನಿಗೆ ಇನ್ನು ತಡೆಯಲಾಗಲಿಲ್ಲ.

"ಬರುವುದಿಲ್ಲ!" ಎಂದ. "ಆಂಟೀಜಿ, ನಾನು ಮೋಸಗಾರ ಅಲ್ಲ. ನನಗೆ ಫೋಟೋ ತೆಗೆಯಲಿಕ್ಕೆ ಬರುವುದಿಲ್ಲ. ಎರಡು ವರ್ಷದಿಂದಲೂ ಬರುವುದಿಲ್ಲ. ಪ್ರದರ್ಶನಕ್ಕೂ ನಾಳೆ ಏನೂ ಕಳಿಸುವುದಿಲ್ಲ. ಸಾಕಾ?"

ಖುರಾನಾ ಆಂಟಿ ಅವನನ್ನು ಒಂದು ನಿಮಿಷ ದಿಟ್ಟಿಸಿ ಜನರತ್ತ ತಿರುಗಿದರು. "ಮೋಸ ಮಾಡುವವನಾಗಿದ್ದರೆ ಈ ಫೋಟೋಗಳನ್ನು ಅಳಿಸಿಹಾಕುತ್ತಿದ್ದ. ಇವನು ತಾನೇ ಟಿವಿಗೆ ಹಾಕಿ, ತಾನೇ ವಿವರಿಸಿ, ತಾನೇ ಸಿಕ್ಕಿಬಿದ್ದಿದ್ದಾನೆ. ಮೋಸಕ್ಕೆ ಸ್ವಲ್ಪವಾದರೂ ಬುದ್ಧಿ ಬೇಕು. ಬಿಟ್ಟುಬಿಡಿ!"

ಆಗ ಎದ್ದ ನಗುವಿಗೆ ಅಡುಗೆಮನೆಯಿಂದ ಶಂಕರನೂ ಸೌಟು ಹಿಡಿದು ಓಡಿಬಂದ. ನೀಲಿ ಜಾಕೆಟ್ಟಿನವನು ಬಿದ್ದುಬಿದ್ದು ನಕ್ಕ. ಜಯಾನಂದ ತಲೆತಗ್ಗಿಸಿ ನಿಂತಿದ್ದ. ಆದರೂ ಎದೆಯ ಮೇಲಿನ ರುಬ್ಬುಗುಂಡು ಇಳಿದ ಹಾಗಾಗಿತ್ತು.

"ನಗುವುದು ಆಮೇಲೆ" ಎಂದರು ಆಂಟಿ. "ಉಪವಾಸದ ಗತಿ ಏನು? ನಡೆಯಿರಿ ಹೊರಗೆ. ನಿಜವಾದವನಿಗೆ ಕೈಮುಗಿದು ಕ್ಷಮೆ ಕೇಳೋಣ. ಜರಡಿ ಕೊಡಿ!"

ಜರಡಿಗಳೆಲ್ಲ ಮನೆಯಲ್ಲಿದ್ದವು. ಶಂಕರ ಅಡುಗೆಮನೆಯನ್ನೇ ಬಗ್ಗಿಸಿ ಸುರಿದ. ಹಿಟ್ಟು ಜಾಲಿಸುವ ಜರಡಿ ಎರಡು, ವಡೆ ಎತ್ತುವ ತೂತಿನ ಸೌಟು ಐದು, ಉಳಿದವರಿಗೆಲ್ಲ ಇಡ್ಲಿ ತಟ್ಟೆಗಳು! ತೂತು ತೂತಿನ ಆ ತಟ್ಟೆಗಳನ್ನು ಮುಖದ ಮುಂದೆ ಹಿಡಿದು, ಜನಕಪುರಿಯ ಮಾರ್ಕೆಟಿನ ನಡುಬೀದಿಯಲ್ಲಿ ಸಾಲಾಗಿ ನಿಂತು, ಕೆಂಪು ಸೀರೆಯ ಹೆಂಗಸರು ಚಂದ್ರನನ್ನು ನೋಡಿದರು. ಅವರ ತಲೆಗಳ ಆಚೆ, ಅಂಗಡಿಗಳ ಮಾಡಿನ ಮೇಲೆ, ಚಂದ್ರ ಒಂದು ಗೇಣು ಏರಿದ್ದ. ಎಂಥ ಚಿತ್ರ! ಜಯಾನಂದನ ಕೈ ಅಭ್ಯಾಸಬಲದಿಂದ ಹೆಗಲಿನತ್ತ ಹೋಯಿತು. ಹೋದದ್ದು ಹಾಗೆಯೇ ವಾಪಸು ಬಂತು.

"ಜಲಜಾ, ನೀನೂ ಬಾ, ಇಡ್ಲಿ ತಟ್ಟೆ ತಗೋ!" ಎಂದು ಆಂಟಿ ಕರೆದರು.

"ನನಗೆ ಬೇಡ ಆಂಟಿ. ನಾನೀಗಷ್ಟೇ ಟೆರೇಸಿನಲ್ಲಿ ಈ ಚಂದ್ರನನ್ನೇ ನೋಡಿ ಬಂದೆ. ಇವರ ಮುಖ ನೋಡಿ ನೀರು ಕುಡಿಯುವುದೊಂದು ಬಾಕಿ."

"ಅಂದರೆ? ನೀನು ಆಗ ನೀರು ಕುಡಿಯಲಿಲ್ಲವಾ?"

"ಇಲ್ಲ ಆಂಟಿ."

"ನಾವೆಲ್ಲ ಕುಡಿದೆವಲ್ಲ! ನಿನ್ನ ಗಂಡನೇ ಚಂದ್ರ ಅಂತ ಕೂಗಿ ಹೇಳಿದನಲ್ಲ!"

"ಇವರು ಹೇಳಿದರು ಅಂತಲೇ ಕುಡಿಯಲಿಲ್ಲ" ಎಂದಳು ಜಲಜಾಕ್ಷಿ.

ಆಂಟಿ ಇಡ್ಲಿ ತಟ್ಟೆಯನ್ನು ಎತ್ತಿ ಹಿಡಿದು, ಬೀದಿಯ ಆ ತುದಿಗೂ ಕೇಳುವ ಹಾಗೆ ಸಾರಿದರು. "ಕೇಳಿದಿರಾ ಎಲ್ಲರೂ? ಇಡೀ ಬ್ಲಾಕಿನಲ್ಲಿ ಉಪವಾಸ ಮುರಿಯದೆ ಉಳಿದದ್ದು ಒಬ್ಬಳದೇ! ಆಯುಸ್ಸು ಗಟ್ಟಿಯಿರುವ ಗಂಡ ಈ ಜಯಾನಂದ ಒಬ್ಬನೇ!"

ನಲವತ್ತು ಗಂಡಂದಿರು ಜಯಾನಂದನನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. ಅವನು ನೀರಿನ ಲೋಟ ಹಿಡಿದು ಹೆಂಡತಿಯ ಮುಂದೆ ನಿಂತ. ಬೆಳಗಿನಿಂದ ಒಣಗಿದ್ದ ಅವಳ ತುಟಿ ನೋಡಿ ಅವನಿಗೆ ಪಾಪ ಎನ್ನಿಸಿತು, ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಜಲಜಾಕ್ಷಿ ಜರಡಿಯೊಳಗಿಂದ ಅವನ ಮುಖ ನೋಡಿ, ಒಂದೇ ಉಸಿರಿಗೆ ಲೋಟ ಖಾಲಿ ಮಾಡಿದಳು.

"ಜಲಜಾ, ನಿಜ ಹೇಳು" ಎಂದ ಜಯಾನಂದ ಕುಗ್ಗಿದ ದನಿಯಲ್ಲಿ. "ಈ ಎರಡು ವರ್ಷದಲ್ಲಿ ನನ್ನ ಒಂದು ಫೋಟೋವನ್ನಾದರೂ ನೀನು ನಂಬಿದ್ದುಂಟಾ?"

ಜಲಜಾಕ್ಷಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಲೋಟವನ್ನು ಅವನ ಕೈಗೇ ವಾಪಸು ಕೊಟ್ಟಳು.

"ನಂಬಿದ್ದರೆ ಇವತ್ತು ನೀವು ಉಳೀತಿದ್ದಿರಾ?"